ಪಿಡುಗು ಬಂದಾಗ ಯಾರ ಮಾತು ಕೇಳಬೇಕು?

(ಯುವಕ ಮಂಡಲ ಮತ್ತು ಮಹಿಳಾ ಸಮಾಜದವರು ಸೇರಿ ಏರ್ಪಡಿಸಿದ್ದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ನಿಮ್ಮ ಮುಂದೆ ನಿಂತರೆ ಸಾಮಾನ್ಯವಾಗಿ ಕಾಂಪೋಸ್ಟ್ ಗುಂಡಿಯ ಮಾತನ್ನೋ ರಾಗಿಯ ಸಾಲುಬಿತ್ತನೆಯ ಮಾತನ್ನೋ ಆಡುತ್ತೇನೆ. ಈ ದಿನ ಬೇರೆ ವಿಷಯವನ್ನು ತೆಗೆದುಕೊಂಡಿದ್ದೇನೆ. ಅದಕ್ಕೆ ಕಾರಣರಾದವರು ಇಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿರುವ ಯಜಮಾನರು.

ಹೋದ ತಿಂಗಳು ದನಗಳಿಗೆ ಚರ್ಮಗಂಟು ರೋಗದ ಲಸಿಕೆ ಹಾಕಿಸುವ ಬಗ್ಗೆ ಅರಳಿಕಟ್ಟೆಯ ಬಳಿ ಸಭೆ ಸೇರಿದ್ದೆವು. ನಾನು ಉತ್ಸಾಹದಿಂದ ಮಾತಾಡಿದೆ. ಆಗ ಯಜಮಾನರು ಎದ್ದು ನಿಂತು, “ಅಲ್ಲಪ್ಪಾ, ಕೊರೊನಾ ಬಂದಾಗ ನಿಮ್ಮ ಓದಿದೋರು ತಿಂಗಳಿಗೊಂದು ಮಾತು ಹೇಳಿದರು. ಮೊದಲು ಮುಖಕ್ಕೆ ಬಟ್ಟೆ ಬೇಡ ಅಂದರು, ಆಮೇಲೆ ಕಟ್ಟದಿದ್ದರೆ ದಂಡ ಅಂದರು. ಮುಗೀತು ಅಂದರು, ಮುಗಿದಿರಲಿಲ್ಲ. ನಮ್ಮ ಮಾರಮ್ಮ ಹಾಗೆ ಮಾತು ಬದಲಾಯಿಸೋಳಲ್ಲ. ನಾವು ಯಾರನ್ನ ನಂಬಬೇಕು ಹೇಳು?” ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ನನಗೆ ಉತ್ತರ ಹೊಳೆಯಲಿಲ್ಲ. ಆ ದಿನ ಊರಿನ ದನಗಳಲ್ಲಿ ಅರ್ಧಕ್ಕೂ ಹೆಚ್ಚು ಲಸಿಕೆಯಿಲ್ಲದೆ ಕೊಟ್ಟಿಗೆಗೆ ಹಿಂತಿರುಗಿದವು.

ಯಜಮಾನರ ಪ್ರಶ್ನೆ ನ್ಯಾಯವಾದದ್ದು. ಒಂದು ತಿಂಗಳು ಅದನ್ನೇ ಯೋಚಿಸಿದೆ, ಹಳೆಯ ಸಂಗತಿಗಳನ್ನು ಓದಿದೆ, ಮನೆಯಲ್ಲಿ ಅಜ್ಜಿಯನ್ನೂ ಕೇಳಿದೆ. ತಿಳಿದಷ್ಟನ್ನು ಈಗ ತಮ್ಮ ಮುಂದಿಡುತ್ತೇನೆ.

ಇಲಿ ಬಿದ್ದ ಕಾಲ

ನಮ್ಮ ಸೀಮೆಯ ಜನ ಕಂಡ ದೊಡ್ಡ ಪಿಡುಗುಗಳಲ್ಲಿ ಪ್ಲೇಗು ಒಂದು. 1896ರಲ್ಲಿ ಅದು ಮುಂಬಯಿಯಲ್ಲಿ ಕಾಣಿಸಿತು. ಎರಡು ವರ್ಷದೊಳಗೆ ರೈಲಿನ ದಾರಿ ಹಿಡಿದು ಹುಬ್ಬಳ್ಳಿಯ ಕಡೆಯಿಂದ ಬೆಂಗಳೂರಿಗೆ ಬಂತು. ಅದು 1898ರ ಆಗಸ್ಟ್ ತಿಂಗಳು. ಮಹಾರಾಣಿಯವರು ರಾಜಪ್ರತಿನಿಧಿಯಾಗಿದ್ದ ಕಾಲ. ಶೇಷಾದ್ರಿ ಅಯ್ಯರ್ ಅವರು ದಿವಾನರು. ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿದರು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಜನ ಹೊರಕ್ಕೆ ಬಂದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದಕ್ಕೆ ಆ ರೋಗದ ಭಯವೂ ಒಂದು ಕಾರಣ. ಅಲ್ಲಿಂದ ಮುಂದೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ನಮ್ಮ ಹಳ್ಳಿಗಳಿಗೆ ಬಂದು ಹೋಗುತ್ತಲೇ ಇತ್ತು. ಇಡೀ ದೇಶದಲ್ಲಿ ಅದಕ್ಕೆ ಬಲಿಯಾದವರು 1 ಕೋಟಿಗೂ ಹೆಚ್ಚು.

ಆಗ ಜನ ಏನು ಮಾಡಿದರು, ಸರ್ಕಾರ ಏನು ಮಾಡಿತು, ಪಂಡಿತರು ಏನು ಹೇಳಿದರು? ಕೇಳಿದರೆ ಇದೆಲ್ಲ ಮೊನ್ನೆ ಮೊನ್ನೆ ನಡೆದಂತಿದೆಯಲ್ಲ ಎಂದು ನಿಮಗೆ ಅನ್ನಿಸಬಹುದು.

ಮೊದಲು ಸರ್ಕಾರ. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾನೂನು ಬಂತು. 2020ರಲ್ಲಿ ನಮ್ಮ ಮೇಲೆ ಹೂಡಿದ್ದೂ ಅದೇ ಹಳೆಯ ಕಾನೂನು. ಪುಣೆಯಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಅಡಿಗೆಮನೆ, ದೇವರಮನೆಗಳನ್ನೂ ಬಿಡಲಿಲ್ಲ. ಹೆಂಗಸರ ಮಾನಮರ್ಯಾದೆಯನ್ನು ನೋಡಲಿಲ್ಲ. ಜನರ ಸಿಟ್ಟು ಕುದಿಯಿತು. 1897ರ ಜೂನ್ 22ರ ರಾತ್ರಿ ಪ್ಲೇಗಿನ ಅಧಿಕಾರಿ ರ‍್ಯಾಂಡ್ ಎಂಬವನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅದಕ್ಕೂ ಮುಂಚೆ, 1896ರ ಅಕ್ಟೋಬರಿನಲ್ಲಿ, ಮುಂಬಯಿಯ ಗಿರಣಿ ಕೂಲಿಗಳು ರೋಗಿಗಳನ್ನಿಟ್ಟಿದ್ದ ಆಸ್ಪತ್ರೆಗೇ ನುಗ್ಗಿದ್ದರು. ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ, ಅಲ್ಲಿ ಕೊಂದು ಮೈಯಿಂದ ಎಣ್ಣೆ ಇಳಿಸುತ್ತಾರೆ ಎಂಬ ಪುಕಾರು ಹಬ್ಬಿತ್ತು.

ನಕ್ಕುಬಿಡಬೇಡಿ. ಮನೆಯವರ ಮುಖ ನೋಡಲು ಬಿಡದೆ ರೋಗಿಯನ್ನು ಎಳೆದೊಯ್ದರೆ ಯಾವ ಪುಕಾರು ತಾನೇ ಹುಟ್ಟುವುದಿಲ್ಲ? ಕೆಲವು ವರ್ಷದಲ್ಲಿ ಸರ್ಕಾರಕ್ಕೂ ಬುದ್ಧಿ ಬಂತು. ಬಲಾತ್ಕಾರ ಕಡಿಮೆಯಾಯಿತು. ಆಯಾ ಜನಾಂಗದವರೇ ತಮ್ಮ ಆಸ್ಪತ್ರೆಗಳನ್ನು ನಡೆಸಿಕೊಳ್ಳಲು ಅವಕಾಶವಾಯಿತು. ಆಗ ಜನ ತಾವಾಗಿಯೇ ಬಂದರು. ನನ್ನಂಥ ಕೆಲಸಗಾರರು ಕಲಿಯಬೇಕಾದ ಮೊದಲನೆಯ ಪಾಠವೇ ಇದು: ಬಾಗಿಲು ತಟ್ಟಿ ಒಳಗೆ ಹೋಗಬೇಕು, ಒದ್ದು ಹೋಗಬಾರದು.

ಪಂಡಿತರೂ ತಪ್ಪಿದರು

ಇನ್ನು ತಜ್ಞರ ಮಾತು. ಯಜಮಾನರೇ, ತಾವು ಹೇಳಿದ್ದು ಸರಿ, ಅವರು ತಪ್ಪಿದ್ದುಂಟು. ಪ್ಲೇಗಿನ ರೋಗಾಣುವನ್ನು ಯರ್ಸಿನ್ ಎಂಬ ವೈದ್ಯನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಆದರೆ ಅದು ಹರಡುವ ಬಗೆ ತಿಳಿದಿರಲಿಲ್ಲ. ಕೊಳಕಿನಿಂದ, ಕೆಟ್ಟ ಗಾಳಿಯಿಂದ, ನೆಲದ ತೇವದಿಂದ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಅದನ್ನೇ ನಂಬಿ ಮನೆಗಳಿಗೆ ಕಾರ್ಬಾಲಿಕ್ ಸುರಿದರು, ಬಿಸಿಲು ಬೀಳಲೆಂದು ಹೆಂಚು ತೆಗೆಸಿದರು, ಬಡವರ ಹಾಸಿಗೆ ಬಟ್ಟೆ ಸುಟ್ಟರು.

1898ರಲ್ಲಿ ಸಿಮಾಂ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಒಂದು ಪ್ರಯೋಗ ಮಾಡಿ, ಇದನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂದು ತೋರಿಸಿದನು. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಹಸಿದ ಚಿಗಟ ಅದನ್ನು ಬಿಟ್ಟು ಮನುಷ್ಯನನ್ನು ಕಚ್ಚುತ್ತದೆ. ಸರಳವಾದ ಮಾತು. ಆದರೆ ಆಗಿನ ದೊಡ್ಡ ಪ್ಲೇಗ್ ಕಮಿಷನ್ ಅದನ್ನು ತಳ್ಳಿಹಾಕಿತು. ಮತ್ತೆ ಹತ್ತಿರ ಹತ್ತಿರ ಹತ್ತು ವರ್ಷ ಕಳೆದು, ಬೇರೆ ತಜ್ಞರು ಮುಂಬಯಿಯಲ್ಲಿ ಮತ್ತೆ ಮತ್ತೆ ಪರೀಕ್ಷೆ ಮಾಡಿದ ಮೇಲೆ, ಚಿಗಟವೇ ಕಳ್ಳನೆಂದು ಎಲ್ಲರೂ ಒಪ್ಪಿದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ತಜ್ಞರು ತಪ್ಪಿದ್ದನ್ನು ಕಂಡುಹಿಡಿದವರು ಯಾರು? ತಜ್ಞರೇ. ತಮ್ಮ ಮಾತನ್ನೇ ಒರೆಗೆ ಹಚ್ಚಿ ನೋಡಿ ಬದಲಾಯಿಸಿದರು. ಭೂಮಿಯಲ್ಲಿ ಗೆಣ್ಣು ಕಂಡ ಮೇಲೂ ನೇಗಿಲನ್ನು ಅದೇ ಸಾಲಿನಲ್ಲಿ ಒತ್ತುವ ರೈತನನ್ನು ನಾವು ಜಾಣನೆನ್ನುವುದಿಲ್ಲ.

ಅದೇ ಕಾಲದಲ್ಲಿ ಹಾಫ್‌ಕಿನ್ ಎಂಬಾತ ಮುಂಬಯಿಯಲ್ಲಿ ಪ್ಲೇಗಿಗೆ ಚುಚ್ಚುಮದ್ದು ತಯಾರಿಸಿದನು. 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಆದರೂ ಜನ ಹೆದರಿದರು. ಸೂಜಿಯಿಂದ ಸಾವು ಬರುತ್ತದೆ, ಗಂಡಸುತನ ಹೋಗುತ್ತದೆ, ಹೆಂಗಸಿಗೆ ಮಕ್ಕಳಾಗುವುದಿಲ್ಲ ಎಂದರು. 2021ರಲ್ಲಿ ನಮ್ಮ ಊರ ಜಗಲಿಗಳ ಮೇಲೆ ಇದೇ ಮಾತನ್ನು ನಾವು ಕೇಳಲಿಲ್ಲವೇ? ಪುಕಾರಿಗೆ ಮುಪ್ಪಿಲ್ಲ.

ಸೂಜಿಯಿಂದ ಕೆಡುಕೇ ಆಗಿಲ್ಲವೆಂದು ನಾನು ಹೇಳಲಾರೆ. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯ ಮದ್ದು ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. ಮದ್ದಿನ ತಯಾರಿಕೆಯಲ್ಲಿ ದೋಷವಿರಲಿಲ್ಲ, ಹಳ್ಳಿಯಲ್ಲಿ ಸೀಸೆ ತೆಗೆಯುವಾಗ ಆದ ಅಜಾಗರೂಕತೆಯಿಂದ ಹೊಲಸು ಸೇರಿತ್ತೆಂದು ತಿಳಿಯಲು ವರ್ಷಗಳೇ ಹಿಡಿದವು. ಆದ್ದರಿಂದ ನಿಮಗೆ ಒಂದು ಹಕ್ಕನ್ನು ಕೊಡುತ್ತೇನೆ. ದನಗಳಿಗೆ ಲಸಿಕೆ ಹಾಕಲು ಬಂದವರನ್ನು, ನಾನೇ ಇರಲಿ ಬೇರೆಯವರೇ ಇರಲಿ, “ಒಂದೊಂದು ರಾಸಿಗೂ ಬೇರೆ ಸೂಜಿ ಹಾಕುತ್ತೀರಾ?” ಎಂದು ಧೈರ್ಯವಾಗಿ ಕೇಳಿ. ಹಾಗೆ ಕೇಳುವುದು ಅಪನಂಬಿಕೆಯಲ್ಲ, ಅದು ಎಚ್ಚರ.

ಹೊಲದ ಗುಡಿಸಲು, ಬಾಗಿಲ ಬೇವು

ಈಗ ನಮ್ಮ ಹಿರಿಯರ ವಿಷಯ. ನಮ್ಮ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಅವರ ತವರೂರಿನಲ್ಲಿ ಇಲಿ ಬಿದ್ದವಂತೆ. ಅಟ್ಟದಿಂದ ಒಂದು ಇಲಿ ಅಮಲೇರಿದಂತೆ ತೂರಾಡುತ್ತ ಬಂದು ಒರಳಿನ ಪಕ್ಕದಲ್ಲಿ ಸತ್ತಿತು. ಅವರ ಅಪ್ಪ ಡಾಕ್ಟರನ್ನೂ ಕಾಯಲಿಲ್ಲ, ಪಂಚಾಂಗವನ್ನೂ ತೆಗೆಯಲಿಲ್ಲ. ಸಂಜೆಯೊಳಗೆ ಮಕ್ಕಳು, ಮುದುಕರು, ದನಕರುಗಳೆಲ್ಲ ಹೊಲ ಸೇರಿದರು. ಸೋಗೆ ಹೊದಿಸಿ ಗುಡಿಸಲು ಹಾಕಿದರು. ಮೂರು ತಿಂಗಳು ಅಲ್ಲಿಯೇ ಅಡಿಗೆ, ಅಲ್ಲಿಯೇ ನಿದ್ದೆ. ಇಡೀ ಊರು ಹಾಗೆಯೇ ಬಯಲಿಗೆ ಬಂತು. “ಇಲಿ ಬಿದ್ದರೆ ಊರು ಬಿಡು ಅನ್ನೋದು ನಮ್ಮ ಕಾಲದ ಕಾನೂನು ಕಣಪ್ಪಾ, ಯಾರೂ ಸಹಿ ಹಾಕಿರಲಿಲ್ಲ” ಎಂದು ಅಜ್ಜಿ ಹೇಳುತ್ತಾರೆ.

ನೋಡಿ, ಚಿಗಟದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಆದರೆ ಮಾಡಿದ ಕೆಲಸ ಸರಿಯಾಗಿತ್ತು. ಇಲಿಯ ಬಿಲದಿಂದ, ಚಿಗಟದಿಂದ ದೂರ ಹೋದದ್ದರಿಂದ ಬದುಕಿದರು. ನಮ್ಮ ಕಡೆ ಕೆಲವು ಹಳ್ಳಿಗಳಲ್ಲಿ ಈಗಲೂ ಹೊರಬೀಡು ಎಂದು ಒಂದು ದಿನ ಊರು ಖಾಲಿ ಮಾಡಿ ಹೊರಗೆ ಅಡಿಗೆ ಮಾಡಿ ಉಣ್ಣುವ ಪದ್ಧತಿ ಇದೆ. ಅದು ಅಂಥ ಕಾಲದ ನೆನಪೆಂದು ಹಿರಿಯರು ಹೇಳುತ್ತಾರೆ.

ಆದರೆ ಅದೇ ಊರಿನ ಒಂದು ಮನೆಯವರು ಹೊಲಕ್ಕೆ ಹೋಗದೆ, ಹಾಸಿಗೆ ಚಾಪೆ, ರಾಗಿ ಮೂಟೆಗಳನ್ನು ಗಾಡಿಗೆ ಹೇರಿಕೊಂಡು ಮೂರು ಹರಿದಾರಿ ದೂರದ ಬೀಗರ ಊರಿಗೆ ಹೋದರಂತೆ. ಹದಿನೈದು ದಿನದಲ್ಲಿ ಅಲ್ಲಿಯೂ ಇಲಿ ಬಿದ್ದವು. ಮೂಟೆಯ ಜೊತೆ ಚಿಗಟವೂ ಗಾಡಿ ಹತ್ತಿತ್ತೋ ಏನೋ, ಯಾರು ಬಲ್ಲರು! ಒಳ್ಳೆಯ ಪದ್ಧತಿಯನ್ನು ಅರ್ಧ ಹಿಡಿದರೆ ಹೀಗಾಗುತ್ತದೆ.

ದೇವರ ವಿಷಯದಲ್ಲಿಯೂ ಹೀಗೆಯೇ. ಆ ದಿನಗಳಲ್ಲಿ ಜನ ಪ್ಲೇಗಮ್ಮನೆಂದು ಪೂಜಿಸಿದರು. ಬೆಂಗಳೂರಿನಲ್ಲಿ ಆ ಹೆಸರಿನ ಗುಡಿಗಳು ಇಂದಿಗೂ ಇವೆ. 2021ರಲ್ಲಿ ಕೊಯಮತ್ತೂರಿನಲ್ಲಿ ಕೊರೊನಾ ದೇವಿಯ ವಿಗ್ರಹವನ್ನೂ ಮಾಡಿಸಿದರು. ಪಟ್ಟಣದವರು ಕೆಲವರು ನಕ್ಕರು. ನಾನು ನಗುವುದಿಲ್ಲ. ಮನೆಯಲ್ಲಿ ಮಗು ಜ್ವರದಿಂದ ನರಳುವಾಗ ತಾಯಿಗೆ ಕೈಮುಗಿಯಲು ಒಂದು ಮುಖ ಬೇಕು.

ಸಿಡುಬು ಬಂದ ಮನೆಯ ಬಾಗಿಲಿಗೆ ನಮ್ಮವರು ಬೇವಿನ ಸೊಪ್ಪು ಕಟ್ಟುತ್ತಿದ್ದರು. ಹೊರಗಿನವರು ಆ ಮನೆಗೆ ಹೋಗುವಂತಿರಲಿಲ್ಲ, ಮನೆಯವರು ಹಬ್ಬಕ್ಕೆ ಮದುವೆಗೆ ಹೊರಡುವಂತಿರಲಿಲ್ಲ. ಅಮ್ಮ ಬಂದಿದ್ದಾಳೆ, ಮಡಿಯಾಗಿರಬೇಕು ಎನ್ನುತ್ತಿದ್ದರು. ಇಂದಿನ ಡಾಕ್ಟರು ಹೇಳುವ ಪ್ರತ್ಯೇಕವಾಸವೆಂದರೆ ಇದೇ ಅಲ್ಲವೇ? ಆ ಬೇವಿನ ಗೊಂಚಲು ಓದು ಬಾರದವರೂ ಓದಬಹುದಾದ ನೋಟೀಸು. ಆದರೆ ರೋಗ ಹೋಗಲೆಂದು ಏಳು ಹಳ್ಳಿಯ ಜನರನ್ನು ಸೇರಿಸಿ ಜಾತ್ರೆ ಮಾಡಿದರೆ ಆ ಬೇವು ಕಟ್ಟಿದ್ದು ವ್ಯರ್ಥ. ಮಾರಿಯನ್ನು ಗಡಿ ದಾಟಿಸುತ್ತೇವೆಂದು ಪಕ್ಕದ ಊರಿನ ಎಲ್ಲೆಯಲ್ಲಿ ಬಿಟ್ಟು ಬಂದು, ಎರಡು ಊರಿಗೂ ಬಡಿದಾಟವಾದದ್ದೂ ಉಂಟು. ರೋಗಕ್ಕೆ ಸರ್ವೆ ಕಲ್ಲು ತಿಳಿಯದು.

ಇನ್ನೊಂದು ಮಾತು. ಸಿಡುಬು ಈಗ ಎಲ್ಲಿದೆ? ಭಾರತದಲ್ಲಿ ಅದು ಕೊನೆಯದಾಗಿ ಕಂಡದ್ದು 1975ರಲ್ಲಿ. 1980ರಲ್ಲಿ ಲೋಕದಿಂದಲೇ ಹೋಯಿತೆಂದು ಸಾರಿದರು. ದಾಕು ಹಾಕಿ ಅದನ್ನು ಓಡಿಸಿದರು. ಹಾಗೆಂದು ಮಾರಮ್ಮನ ಗುಡಿ ಬರಿದಾಯಿತೇ? ಇಲ್ಲ. ಸೂಜಿಯಿಂದ ತಾಯಿಗೆ ಯಾವ ಕುಂದೂ ಆಗಲಿಲ್ಲ.

1918ರ ಇನ್‌ಫ್ಲುಯೆಂಜಾ ಜ್ವರದ ಕಥೆಯನ್ನು ಬೆಳೆಸುವುದಿಲ್ಲ. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಬೇಸಗೆಯಲ್ಲಿ ಮುಂಬಯಿಗೆ ಬಂದಾಗ ಹಗುರವಾಗಿದ್ದ ಜ್ವರ, ಸೆಪ್ಟೆಂಬರಿನ ಹೊತ್ತಿಗೆ ಮತ್ತೆ ಬಂದು ದೇಶದಲ್ಲಿ 1 ಕೋಟಿಗೂ ಹೆಚ್ಚು ಜನರನ್ನು ಒಯ್ದಿತು. 1921ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆಯಾಗಿತ್ತು. ಮೊದಲ ಅಲೆ ಇಳಿಯಿತೆಂದು ಮೈಮರೆಯಬಾರದೆಂಬ ಪಾಠ ಅಲ್ಲಿಯೇ ಇತ್ತು. ನಾವು ಓದಲಿಲ್ಲ.

ನನ್ನ ತಪ್ಪು

ಈಗ ನನ್ನ ಸ್ವಂತ ಮಾತು. ಇದನ್ನು ಹೇಳದೆ ಯಜಮಾನರಿಗೆ ಉತ್ತರ ಕೊಟ್ಟಂತಾಗುವುದಿಲ್ಲ.

ದೇಶದಲ್ಲಿ ಕೊರೊನಾದಿಂದ ಮೊದಲನೆಯ ಸಾವಾದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಅದೇ ತಿಂಗಳು ಊರುಗಳೆಲ್ಲ ಬಾಗಿಲು ಹಾಕಿದವು. ದಾರಿಗೆ ಜಾಲಿಮುಳ್ಳು ಎಳೆದೆವು. ತಟ್ಟೆ ಬಡಿದೆವು, ದೀಪ ಹಚ್ಚಿದೆವು. ಗುಡಿ, ಮಸೀದಿ, ಇಗರ್ಜಿ ಎಲ್ಲ ಮುಚ್ಚಿದವು. ರಂಜಾನಿನ ಪ್ರಾರ್ಥನೆ ಮನೆಯಲ್ಲಿಯೇ ನಡೆಯಿತು, ಆ ವರ್ಷದ ಮೈಸೂರು ದಸರಾ ಅರಮನೆಯ ಆವರಣದೊಳಗೆ ಸರಳವಾಗಿ ಮುಗಿಯಿತು. ಮುಂಬಯಿಯಿಂದ ಬಂದ ನಮ್ಮವರೇ ಆದ ಕೂಲಿಯವರನ್ನು ಊರೊಳಗೆ ಬಿಡದೆ ಶಾಲೆಯಲ್ಲಿರಿಸಿದ್ದು ಸರಿ. ಆದರೆ ಅವರಿಗೆ ಒಂದು ಕೊಡ ನೀರು ಕೊಡಲು ಜಗಳವಾಡಿದ್ದು ಸರಿಯಲ್ಲ.

2020ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನೇಮಿಸಿದ್ದ ವಿಜ್ಞಾನಿಗಳ ಸಮಿತಿಯೊಂದು, ಮುಂದಿನ ಫೆಬ್ರವರಿಯ ಕೊನೆಗೆ ರೋಗ ಬಹುಮಟ್ಟಿಗೆ ಇಳಿಯಬಹುದೆಂದು ಲೆಕ್ಕ ಹಾಕಿ ಹೇಳಿತು. ನಾನು ಕೃಷಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದೆ. ಊರಿಗೆ ನಾನೇ ಓದಿದವನು. ಪತ್ರಿಕೆ ಹಿಡಿದು ಜಗಲಿಯಲ್ಲಿ ಕುಳಿತು ಎಲ್ಲರಿಗೂ ಸಾರಿದೆ. ಫೆಬ್ರವರಿ ಬಂತು, ಕಾಯಿಲೆ ಇಳಿದೂ ಇತ್ತು. ನನ್ನ ಮಾತಿಗೆ ಬೆಲೆ ಬಂತು.

2021ರ ಏಪ್ರಿಲಿನಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ನಲವತ್ತೈದು ದಾಟಿದವರಿಗೆಲ್ಲ ಲಸಿಕೆ ಕೊಡಲು ಆಗಷ್ಟೇ ತೊಡಗಿದ್ದರು. ಚಿಕ್ಕಪ್ಪ ನನ್ನನ್ನು ಕರೆದು, “ಹಾಕಿಸಿಕೊಳ್ಳಲೇನೋ? ಜ್ವರ ಬರುತ್ತದಂತೆ, ಚಪ್ಪರದ ಕೆಲಸ ಹಾಗೇ ಇದೆ” ಎಂದರು. ನಾನು, “ಕಾಯಿಲೆ ಮುಗಿಯಿತು ಬಿಡಿ ಚಿಕ್ಕಪ್ಪ, ತಜ್ಞರೇ ಹೇಳಿದ್ದಾರೆ. ಮದುವೆ ಆಗಲಿ, ನಿಧಾನವಾಗಿ ಹೋಗೋಣ” ಎಂದೆ. ಮದುವೆ ಆಯಿತು. ಮೇ ತಿಂಗಳಲ್ಲಿ ಚಿಕ್ಕಪ್ಪ ತೀರಿಕೊಂಡರು. ಆಕ್ಸಿಜನ್ ಇರುವ ಹಾಸಿಗೆಗಾಗಿ ನಾವು ಒಂದು ರಾತ್ರಿಯೆಲ್ಲ ಗಾಡಿಯಲ್ಲಿ ಅಲೆದೆವು. ಹೊಸ ಮದುಮಗಳು ತಂದೆಯ ಮುಖ ನೋಡಿದ್ದು ದೂರದಿಂದ.

ಎಷ್ಟೋ ದಿನ ನಾನೂ ಯಜಮಾನರಂತೆಯೇ ತಜ್ಞರನ್ನು ಬೈದೆ. ಆಮೇಲೆ ಒಂದು ದಿನ ಆ ಹಳೆಯ ಸುದ್ದಿಯನ್ನು ಮತ್ತೆ ಹುಡುಕಿ ಓದಿದೆ. ಅದರಲ್ಲಿ ಒಂದು ಷರತ್ತು ಇತ್ತು. ಜನರು ಎಚ್ಚರಿಕೆಯ ಕ್ರಮಗಳನ್ನು ಬಿಡದೆ ಪಾಲಿಸಿದರೆ ಮಾತ್ರ ಹೀಗಾಗುತ್ತದೆ, ಬಿಟ್ಟರೆ ರೋಗ ಮತ್ತೆ ಏರಬಹುದು ಎಂದು ಬರೆದಿತ್ತು. ಆ “ಪಾಲಿಸಿದರೆ” ಎಂಬ ಮಾತನ್ನು ಜಗಲಿಯಲ್ಲಿ ನುಂಗಿದವನು ನಾನು. ತಜ್ಞರ ಲೆಕ್ಕವೂ ಸೋತಿತು, ನಿಜ. ರೋಗಾಣು ಹೊಸ ರೂಪ ತಾಳಿ ಅಷ್ಟು ಜೋರಾಗಿ ಬರುವುದನ್ನು ಅವರೂ ಕಾಣಲಿಲ್ಲ. ಆದರೆ ಅವರು ಕೊಟ್ಟದ್ದು ಅಂದಾಜು. ಅದನ್ನು ಭಾಷೆಯೆಂದು ಮಾಡಿ ಮನೆಗೆ ತಂದವನು ನಾನು.

ಒಕ್ಕಲು ಮಕ್ಕಳಾದ ನಮಗೆ ಅಂದಾಜು ಹೊಸದಲ್ಲ. ಮಳೆ ಬರುತ್ತದೆಂದು ರೇಡಿಯೋ ಹೇಳಿದ ಮಾತ್ರಕ್ಕೆ ಕಣಜದಲ್ಲಿರುವ ಬೀಜವನ್ನೆಲ್ಲ ಒಂದೇ ದಿನ ಹೊಲಕ್ಕೆ ಚೆಲ್ಲುವ ರೈತ ಯಾರಿದ್ದಾನೆ? ಒಂದು ಪಾಲು ಹಿಂದಕ್ಕೆ ಇಟ್ಟುಕೊಂಡಿರುತ್ತಾನೆ. ಹಾಗೆಂದು ಮಳೆಯ ಸೂಚನೆಯನ್ನು ಕೇಳುವುದೇ ಇಲ್ಲವೆಂದು ಕಿವಿ ಮುಚ್ಚಿಕೊಳ್ಳುವುದೂ ಇಲ್ಲ. ಪಿಡುಗಿನ ವಿಷಯದಲ್ಲಿ ಬೇಕಾದದ್ದೂ ಇಷ್ಟೇ ಬುದ್ಧಿ.

ಮುಂದೆ ನಾವು ಮಾಡಬೇಕಾದದ್ದು

ಒಂದು: ಪ್ರಾಣಿಗಳ ಸಾವನ್ನು ಕಡೆಗಣಿಸಬೇಡಿ. ಪ್ಲೇಗಿನಲ್ಲಿ ಇಲಿ ಮೊದಲು ಬಿತ್ತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನರಿಗೆ ಜ್ವರ ಬಂತು. ಇಲಿ, ಮಂಗ, ಕೋಳಿ, ದನ ಹೀಗೆ ಯಾವುದು ಗುಂಪಾಗಿ ಸತ್ತರೂ ಕೈಯಿಂದ ಮುಟ್ಟದೆ ಆ ದಿನವೇ ತಿಳಿಸಿ. ಪ್ಲೇಗಿನ ಸಂಶಯವಿದ್ದರೆ ಅವಸರದಿಂದ ಇಲಿಗೆ ವಿಷವಿಡಬೇಡಿ. ಮೊದಲು ಚಿಗಟ ಸಾಯಬೇಕು, ಆಮೇಲೆ ಇಲಿ.

ಎರಡು: ಯಾರೇ ಭವಿಷ್ಯ ಹೇಳಲಿ, “ಯಾವ ಷರತ್ತಿನ ಮೇಲೆ?” ಎಂದು ಕೇಳಿ. ಷರತ್ತಿಲ್ಲದೆ ಹೇಳುವವನನ್ನು, ಅವನು ಕೋಟು ಹಾಕಿದವನಾಗಲಿ ಕಾವಿ ಉಟ್ಟವನಾಗಲಿ, ಒಂದು ಸಲ ಹೆಚ್ಚಾಗಿಯೇ ಪರೀಕ್ಷಿಸಿ.

ಮೂರು: ಪೂಜೆಯನ್ನು ಬಿಡಬೇಡಿ, ಗುಂಪನ್ನು ಬಿಡಿ. ಬಾಗಿಲಿಗೆ ಬೇವು ಕಟ್ಟಿ, ತಂಬಿಟ್ಟು ಮನೆಯಲ್ಲಿಯೇ ಅರ್ಪಿಸಿ. ತಾಯಿ ಅಲ್ಲಿಯೂ ಕೇಳುತ್ತಾಳೆ.

ನಾಲ್ಕು: ರೋಗಿಯ ಮನೆಯನ್ನು ದೂರವಿಡಿ, ಮನೆಯವರನ್ನು ದೂರಬೇಡಿ. ಅವರ ಬಾಗಿಲಿಗೆ ಗಂಜಿ ತಲುಪಿಸಲು, ಅವರ ದನಗಳಿಗೆ ಮೇವು ಹಾಕಲು ಯುವಕ ಮಂಡಲದವರು ಈಗಲೇ ಇಬ್ಬಿಬ್ಬರನ್ನು ಗೊತ್ತುಮಾಡಿಕೊಳ್ಳಲಿ.

ಯಜಮಾನರೇ, ಯಾರನ್ನು ನಂಬಬೇಕೆಂದು ಕೇಳಿದಿರಿ. ತನ್ನ ತಪ್ಪನ್ನು ತಾನೇ ಒಪ್ಪಿ ತಿದ್ದಿಕೊಳ್ಳುವವನನ್ನು ನಂಬಿ ಎಂಬುದೇ ನನ್ನ ಉತ್ತರ. ಆ ಲೆಕ್ಕದಲ್ಲಿ ನಾನೂ ಇಂದು ನನ್ನ ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡಿದ್ದೇನೆ.

ಚರ್ಮಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ. ಆದರೆ ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಒಯ್ಯುತ್ತವೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಅದು ಎಷ್ಟು ರಾಸುಗಳನ್ನು ತಿಂದಿತೆಂದು ನೀವೇ ಕಂಡಿದ್ದೀರಿ. ಲಸಿಕೆ ಹಾಕಿದ ದನಕ್ಕೆ ರೋಗ ಬರುವುದೇ ಇಲ್ಲವೆಂದು ನಾನು ಭಾಷೆ ಕೊಡಲಾರೆ. ಬರುವುದು ಕಡಿಮೆ, ಬಂದರೂ ಬದುಕುವುದು ಹೆಚ್ಚು ಎಂಬಷ್ಟನ್ನು ಹೇಳಬಲ್ಲೆ. ಬರುವ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಪಶುವೈದ್ಯರು ಅರಳಿಕಟ್ಟೆಗೆ ಬರುತ್ತಾರೆ. ಸೂಜಿಗಳ ಪೆಟ್ಟಿಗೆಯನ್ನು ನಿಮ್ಮೆದುರಿಗೇ ಒಡೆಯುತ್ತೇವೆ. ಯಜಮಾನರು ತಮ್ಮ ಜೋಡಿ ಎತ್ತುಗಳನ್ನು ಮೊದಲು ಹಿಡಿದು ತರಬೇಕೆಂದು ಸಭೆಯ ಮುಂದೆ ಕೇಳಿಕೊಳ್ಳುತ್ತೇನೆ.